ಒಂದು ಗೇಣು ಹಿಂದಕ್ಕ

ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ವಾಡಿ ಜಂಕ್ಷನ್ನಿನ ನಿವಾಸಿ ಖಾಜಾಮಿಯಾ ಅವರ ಜೀಪಿನ ಎಡಗಡೆಯ ಸೀಟು, ತಾನಿದ್ದ ಜಾಗದಿಂದ ಒಂದು ಗೇಣು ಹಿಂದಕ್ಕೆ ಸರಿಯಲಿದೆ. ಸಂಬಂಧಪಟ್ಟವರೆಲ್ಲರೂ ಗಮನಿಸತಕ್ಕದ್ದು.

ಇದನ್ನ ಯಾರೂ ಡಂಗುರ ಹೊಡದು ಸಾರಲಿಲ್ಲ. ಹೊಡಿಯೋ ಅವಶ್ಯನೂ ಇರಲಿಲ್ಲ, ಭೀಮಶ್ಯಾನ ಕಿವಿಗಿ ಬಿದ್ರ ಸಾಕಿತ್ತು. ಭೀಮಶ್ಯಾ ರೈಲ್ವೆ ಶೆಡ್ಡಿನ್ಯಾಗ ಫಿಟ್ಟರ್ ಆಗಿದ್ದು ರಿಟೈರ್ ಆದವ. ಕೈ ರಿಟೈರ್ ಆಗಿತ್ತು, ಬಾಯಿ ಮಾತ್ರ ಇನ್ನೂ ಡ್ಯೂಟಿ ಮ್ಯಾಲೇ ಇತ್ತು. ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಆಗಿ ಆಗ ಇನ್ನ ವರ್ಷ ತುಂಬಿರಲಿಲ್ಲ. ಆ ಸುದ್ದಿ ಬಂದಾಗ ನಮ್ಮ ಓಣಿ ಮಂದಿ "ಹಂಗೇನು" ಅಂದು ಬೀಡಿ ಹಚ್ಚಿದ್ರು. ಸೀಟು ಸರಿತದ ಅನ್ನೋ ಸುದ್ದಿಗಿ ಮಾತ್ರ ಎದ್ದು ಬಂದ್ರು. ಯಾಕಂದ್ರ, ಇದ್ದ ಸೀಟು ಇದ್ದಲ್ಲಿಂದ ಅಲುಗಿದ್ದು ಈ ದೇಶದಾಗ ಅವ್ರು ಯಾರೂ ಕಂಡವರಲ್ಲ.

ಕಾರಣ, ಬಿಬಿಜಾನ್‌ಳ ಬಲಗಾಲು.

ಬಿಬಿಜಾನ್ ಖಾಜಾಮಿಯಾನ ಹೆಂಡತಿ. ಬಾವಿ ಕಟ್ಟಿ ಮ್ಯಾಲ ಜಾರಿ ಬಿದ್ದಾಗಿಂದ ಅಕಿ ಬಲ ಮಣಕಾಲು ಮಡಚೋದು ಬಿಟ್ಟಿತ್ತು. ನಿಲ್ಲಾಕ ಬರ್ತಿತ್ತು, ಮೆಲ್ಲಕ ನಡಿಯಾಕ ಬರ್ತಿತ್ತು. ಕುಂತಾಗ ಮಾತ್ರ ಅದು ಮನ್ಯಾಗಿನ ಹಿರೇ ಮಾವನಂಗ ನೆಟ್ಟಗ ಮುಂದ ಚಾಚಿಕೊಂಡು ಬಿಡ್ತಿತ್ತು. ಯಾರೂ ಏನೂ ಅನ್ನಂಗಿರಲಿಲ್ಲ. ಒಮ್ಮಿ ಚಿತ್ತಾಪುರದ ಬಸ್ಸಿನ್ಯಾಗ ಆ ಕಾಲು ನಡುವಿನ ಹಾದಿಗಿ ಅಡ್ಡ ಬಂತು. ಹತ್ತವ್ರು ಇಳಿಯವ್ರು ಎಡವಿದ್ರು. ಈ ಕಾಲಿಗಿ ಬ್ಯಾರೇ ಟಿಕೇಟು ತಗಸ್ರಿ ಅಂತ ಕಂಡಕ್ಟರ್ ಚಾಷ್ಟಿ ಮಾಡ್ದ. ಬಸ್ಸಿಗಿ ಬಸ್ಸೇ ನಕ್ಕಿತು. ಬಿಬಿಜಾನ್ ಮುಂದಿನ ಸ್ಟಾಪಿಗಿ ಇಳದು ನಡಕೋತ ಬಂದ್ಳು. ಆವತ್ತಿಂದ ಬಸ್ಸು ಅಂದ್ರ ಅಕಿಗಿ ಹರಾಮು.

ಇದೆಲ್ಲ ಹೆಂಗೋ ನಡದಿತ್ತು. ಅಷ್ಟ್ರಾಗ ಚಂದಾಪುರದಾಗ ಗುಲ್ಶನ್‌ಳ ಮದಿವಿ ಗೊತ್ತಾತು.

ಗುಲ್ಶನ್, ಬಿಬಿಜಾನ್‌ಳ ಅಕ್ಕ ಇಮಾಮ್ಬೀಯ ಮೊಮ್ಮಗಳು. ಹಡದ ತಾಯಿ ಬಾಣಂತಿತನದಾಗೇ ತೀರಿಕೊಂಡಿದ್ಳು. ಮಕ್ಕಳಿಲ್ಲದ ಬಿಬಿಜಾನ್ ಆ ಕೂಸಿನ್ನ ವಾಡಿಗಿ ತಂದು ಸಾಕಿದ್ಳು. ಮಾತು ಬಂತು, ಹಲ್ಲು ಬಿದ್ದು ಮತ್ತ ಬಂದ್ವು. ಆಮ್ಯಾಲ ಅಕ್ಕ ಕೇಳಿದಾಗ ತುಟಿ ಪಿಟಕ್ ಅನ್ನದೆ ಕೊಟ್ಟು ಕಳಿಸಿದ್ಳು. ಕಳಿಸೋ ದಿನ ಗುಲ್ಶನ್ ಅಕಿ ಸೆರಗು ಹಿಡದು ಬಿಡಲಿಲ್ಲ. ಆಗ ಬಿಬಿಜಾನ್ ಒಂದು ಮಾತು ಕೊಟ್ಳು: ನಿನ್ನ ಮದಿವ್ಯಾಗ ಮೊದಲನೇ ಹಳದಿ ನಾನೇ ಹಚ್ತೀನಿ. ಕೂಸು ಸೆರಗು ಬಿಡ್ತು. ಬಿಬಿಜಾನ್ ಆ ಮಾತು ಬಿಟ್ಟಿರಲಿಲ್ಲ.

ಕಾಳಗಿ ಸಂತಿಗಿ ಬಂದವ್ರ ಕೈಲಿ ಇಮಾಮ್ಬೀ ಹೇಳಿ ಕಳಿಸಿದ್ಳು. ಹಳದಿಗಿ ಹಿಂದಿನ ದಿನಾನೇ ಬಂದು ಬಿಡು, ತಡಾ ಮಾಡಬ್ಯಾಡ. ಹಳದಿ ಒಮ್ಮಿ ಮೈಗಿ ಹತ್ತಿತಂದ್ರ ನಿಕಾ ಆಗೋ ತನಕ ಹುಡುಗಿ ಹಚ್ಚಿಸಿಕೊಂಡ ಮನಿ ಹೊಸ್ತಿಲು ದಾಟಂಗಿಲ್ಲ, ನಮ್ಮ ಮನಿತನದ ಪದ್ಧತಿ ನಿನಗ ಗೊತ್ತೇ ಅದ. ನೀ ಬರದಿದ್ರ ಹಳದಿ ಹಚ್ಚಿಸಿಕೊಳ್ಳಂಗಿಲ್ಲ ಅಂತ ಹುಡುಗಿ ಹಟ ಹಿಡದಾಳ.

ಬಿಬಿಜಾನ್ ಕೇಳಿ ಸುಮ್ಕ ರೊಟ್ಟಿ ಬಡಿಲಿಕತ್ತಳು. ಖಾಜಾಮಿಯಾಗ ರೊಟ್ಟಿ ಸಪ್ಪಳದಾಗೇ ಎಲ್ಲಾ ತಿಳಿತು.

ಅವ ಶಹಾಬಾದದ ಒಂದು ಫರಸಿ ಕಲ್ಲಿನ ಖಣಿ ಸಾವ್ಕಾರನ ಜೀಪು ಓಡಿಸಿ ಮುಪ್ಪಾದವ. ಮಿಲಿಟ್ರಿಯವ್ರು ಓಡಿಸಿ ಬಿಟ್ಟ ಜೀಪು. ಅದರ ಮ್ಯಾಲ ಸಾವ್ಕಾರ ಮುಪ್ಪಾದ, ಖಾಜಾಮಿಯಾ ಮುಪ್ಪಾದ, ಜೀಪು ಮಾತ್ರ ಮುಪ್ಪಾಗಿಯೇ ಬಂದಿತ್ತು. ಬಿಬಿಜಾನ್ ಬಿದ್ದ ಮರುವರ್ಷ ಸಾವ್ಕಾರ ಕಾರು ತಗೊಂಡಾಗ, ಇದು ನಿನ್ನ ಮಾತು ಬಿಟ್ಟು ಯಾರ ಮಾತೂ ಕೇಳಂಗಿಲ್ಲ ಅಂತ ಇವನಿಗೇ ಕೊಟ್ಟಿದ್ದ. ಹಂಗಾಗಿ ಗಾಡಿ ಇತ್ತು, ಡ್ರೈವರ್ ಇದ್ದ. ಇಲ್ದಿದ್ದಿದ್ದು ಒಂದು ಗೇಣು ಜಾಗ. ಎಡಗಡಿ ಸೀಟಿನ ಮುಂದ ನೆಟ್ಟಗಿನ ಕಾಲು ಹಿಡಿತಿರಲಿಲ್ಲ. ಹಿಂದ ಹತ್ತಬೇಕಂದ್ರ ಎರಡೂ ಮಣಕಾಲು ಮಡಚಬೇಕು. ನಾವು ನಾಕು ಮಂದಿ ಎತ್ತಿ ಹಿಂದ ಇಡ್ತೀವಿ ಭಾಬಿ ಅಂತ ಭೀಮಶ್ಯಾ ಅಂದಾಗ, ನಾ ಸಿಮೆಂಟ್ ಚೀಲ ಅಲ್ಲಪಾ ಅಂತ ಬಿಬಿಜಾನ್ ಒಂದೇ ಮಾತಿನ್ಯಾಗ ಮುಗಿಸಿದ್ಳು.

ಅಂದಮ್ಯಾಲ ಸೀಟೇ ಹಿಂದಕ್ಕ ಸರೀಬೇಕು. ಹೆಂಗೂ ಬಿಚ್ಚತೀವಿ, ಒಳಗಿಂದೆಲ್ಲಾ ಹೊಸದು ಮಾಡೋಣು ಅಂತ ಯೋಜನಾ ಬೆಳಿತು. ನೆಲಕ್ಕ ಹೊಸ ತಗಡು, ಸೀಟಿಗಿ ಕೆಂಪು ರೆಕ್ಸಿನ್, ಒಳಗ ತುಂಬಾಕ ಪಿಂಜಾರ ಮಶಾಕ ಹಿಂಜಿದ ಹತ್ತಿ. ಬಿಬಿಜಾನ್‌ನ್ನ ಅಂಗಳದ ಫರಸಿ ಮ್ಯಾಲ ಕುಂದ್ರಿಸಿ ಭೀಮಶ್ಯಾ ಕಾಲಿನ ಉದ್ದ ಸುಣ್ಣದ ಕಡ್ಡಿಲಿಂದ ಗೆರಿ ಹೊಡದು ಅಳದ. ಜೀಪಿನ್ಯಾಗೇ ಕುಂತು ಅಳತಿ ಕೊಡ್ರಿ ಅಂದ್ರ ಅಕಿ ಒಪ್ಪಲಿಲ್ಲ. ಹೊಂಡೋ ದಿನ ಬಿಸ್ಮಿಲ್ಲಾ ಅಂದು ಹತ್ತತೀನಿ, ಅದಕ್ಕೂ ಮೊದಲ ಹತ್ತಂಗಿಲ್ಲ ಅಂದ್ಳು. ಈ ಮಾತು ನೆನಪಿಟ್ಟುಕೊಳ್ರಿ, ಮುಂದ ಕೆಲಸಕ್ಕ ಬರ್ತದ.

ಕೈಯಾಗ ಬೋಲ್ಟು ಬಿಚ್ಚೋ ಪಾನಾ, ಬಾಯಾಗ ಪಾನು ಹಿಡಕೊಂಡು ಭೀಮಶ್ಯಾ ಕೆಲಸಕ್ಕ ಇಳದ. ಉಗಿ ಬಂಡಿ ಎಂಜಿನ್ ಬಿಚ್ಚಿದ ಕೈ ಇದು, ಇದ್ಯಾವ ಲೆಕ್ಕ ಅಂದ. ಸೀಟಿಗಿ ಇದ್ದಿದ್ದು ನಾಕೇ ಬೋಲ್ಟು. ಪಾನಾ ಹಾಕಿ ಮೈಭಾರ ಬಿಟ್ಟ. ಪಾನಾ ಜಾರಿತು, ಭೀಮಶ್ಯಾ ಜಾರಿದ, ಬೋಲ್ಟು ಮಿಸುಕಲಿಲ್ಲ. ಪೈಪು ತೊಡಿಸಿ ಎಳದ. ಚಿಮಣಿ ಎಣ್ಣಿ ಬಿಟ್ಟು ರಾತ್ರಿ ನೆನೆಸಿದ. ಸುತ್ತಿಗಿಲಿಂದ ತಲಿ ಮ್ಯಾಲ ಬಡದ. ನಾಕೂ ಬೋಲ್ಟು ಮಂತ್ರಿಗಳಂಗ ಕುಂತಿದ್ವು.

"ಹೆಸರು ಬೋಲ್ಟು," ಅಂದ ಖಾಜಾಮಿಯಾ, "ಆದ್ರ ಕುಛ್ ನಹೀ ಬೋಲ್ತಾ, ತುಟಿ ಬಿಚ್ಚಂಗಿಲ್ಲ."

ಬೆಂಕಿಲಿಂದ ಕಾಸಿದ್ರ ಸಡ್ಲ ಆಗ್ತದ ಅಂತ ಭೀಮಶ್ಯಾ ಹೇಳ್ದ. ಆದ್ರ ಜೀಪಿನ್ಯಾಗ ಪೆಟ್ರೋಲ್ ಟಾಕಿ ಇರೋದು ಡ್ರೈವರನ ಸೀಟಿನ ಬುಡಕ. ಎಡಗಡಿ ಬೋಲ್ಟು ಕಾಸಾಕ ಹೋಗಿ ಬಲಗಡಿ ಖಾಜಾಮಿಯಾನ್ನ ಸ್ವರ್ಗಕ್ಕ ಕಳಿಸೋದು ಬ್ಯಾಡ ಅಂತ ಅದನ್ನ ಬಿಟ್ರು. ಚಾಣ ಹಿಡದು ತಲಿ ಕಡಿಯೋಣು ಅಂದ್ರ ನೆಲದ ತಗಡೇ ಹರಿಯೋ ಹಂಗಿತ್ತು. ಉಳಿದಿದ್ದು ಬೈಯೋದು. ಭೀಮಶ್ಯಾ ಜೀಪು ಕಟ್ಟಿದ ಅಮೇರಿಕಾದವ್ರಿಗಿ ಬೈದ. ಖಾಜಾಮಿಯಾ ಊರಿನ ಸಿಮೆಂಟ್ ಧೂಳಿಗಿ ಬೈದ. ವಾಡ್ಯಾಗ ಬಾಯಿ ತೆರದು ಮಲಗಿದ್ರ ಮುಂಜಾನಿಗಿ ಹಲ್ಲಿಗಿ ಗಿಲಾವ್ ಆಗಿರ್ತದ, ಬೋಲ್ಟಿನ ಪಾಡೇನು ಅಂದ. ಯಾವ ಸುಡುಗಾಡ ಕೈ ಇದಕ್ಕ ಏನ ಹಚ್ಚಿತ್ತೋ ಅಂತ ಇಬ್ರೂ ಕೂಡಿ ಬೈದ್ರು.

ಆವತ್ತು ಬಿಬಿಜಾನ್ ಊಟಕ್ಕ ಕರೀಲಿಲ್ಲ. ತಾಟು ತಂದಿಟ್ಟು ಒಳಗ ಹೋದ್ಳು.

ಹಳದಿಗಿ ವಾರ ಇರುವಾಗ ಭೀಮಶ್ಯಾ ಸೋತು, ಚಾಕು ತಗೊಂಡು ಒಂದು ಬೋಲ್ಟಿನ ಸುತ್ತ ಕೆರಿಲಿಕತ್ತ. ಜಂಗು ಹಿಡದಿದ್ರ ತುಕ್ಕಿನ ಕೆಂಪು ಪುಡಿ ಉದುರಬೇಕು. ಇಲ್ಲಿ ಉದುರಿದ್ದು ಹಳೇ ಬೆಲ್ಲದಂಥ ಕಂದು ಅಂಟು. ಮೂಸಿ ನೋಡ್ದ. ನಾಲಿಗಿ ತುದಿಗಿ ಇಟ್ಟುಕೊಂಡ. ಆಮ್ಯಾಲ ಭಾಳ ಹೊತ್ತು ಮಾತಾಡಲಿಲ್ಲ. ಅವ ಮಾತಾಡದಿದ್ದಿದ್ದು ನೋಡೇ ಖಾಜಾಮಿಯಾಗ ಅಂಜಿಕಿ ಆತು.

"ಖಾಜಾಮಿಯಾ, ಇದು ಜಂಗು ಅಲ್ಲೋ."

"ಮತ್ತೇನು?"

"ನಿಮ್ಮನಿ ಊಟ."

ಕುಸುಬಿ ಎಣ್ಣಿ. ಗಾಣದಿಂದ ತಂದು ನಮ್ಮ ಸೀಮ್ಯಾಗ ಎಲ್ಲರ ಮನ್ಯಾಗೂ ರೊಟ್ಟಿ ಜೊತಿ ತಿನ್ನೋ ಎಣ್ಣಿ. ಹೊಟ್ಟ್ಯಾಗ ಹೋದ್ರ ತಂಪು, ಗಾಳಿಗಿ ಬಿಟ್ರ ಅಂಟು. ದಿನಾ ಕಳದಂಗ ಒಣಗಿ, ಕಟ್ಟಿಗಿ ಅಂಟಿಸೋ ಸರೇಸಿನಂಗ ಗಟ್ಟಿ ಆಗ್ತದ. ಅದರ ಮ್ಯಾಲ ವಾಡಿ ಧೂಳು ಕುಂತ್ರ ಮುಗೀತು. ಬಡಗೇರು ಕಾಸಿ ಬಾಗಿಲಿಗಿ ರೋಗನ್ ಹಚ್ತಾರಲ್ಲ, ಅದೂ ಇದೇ ಅಂತ ಭೀಮಶ್ಯಾ ಹೇಳಲಿಕತ್ತಿದ್ದ. ಖಾಜಾಮಿಯಾ ಕೇಳ್ತಿರಲಿಲ್ಲ. ಒಳಗ ರೊಟ್ಟಿ ಬಡಿಯೋ ಸಪ್ಪಳ ನಿಂತಿತ್ತು.

ಬಿಬಿಜಾನ್ ಹೊರಗ ಬಂದು ಬಾಗಿಲ ಕಟ್ಟಿಗಿಗಿ ಆತು ನಿಂತಳು. ಕೈ ತುಂಬ ಜೋಳದ ಹಿಟ್ಟು.

"ಖಣ್ಯಾಗ ನಿಮ್ಮ ಜೊತಿ ಇನ್ನೊಬ್ಬ ಡ್ರೈವರ್ ಇದ್ದ, ಕಾಗಿಣಾ ಹೊಳಿ ದಂಡಿ ತಿರುವಿನ್ಯಾಗ ಸೀಟು ಸಮೇತ ಹೊರಗ ಬಿದ್ದ," ಅಂದ್ಳು. "ಜಂಗು ಹಿಡದು ಬೋಲ್ಟು ಮುರದಿತ್ತು, ಎಣ್ಣಿ ಕಾಣಿಸಿದ್ರ ಮುರೀತಿರಲಿಲ್ಲ ಅಂತ ನೀವೇ ಬಂದು ಹೇಳಿದ್ರಿ. ಈ ಜೀಪಿಗಿ ಬಾಗಿಲೂ ಇಲ್ಲ. ಅದಕ್ಕ ಶುಕ್ರವಾರ ನೀವು ನಮಾಜಿಗಿ ಹೋದಾಗ ಒಂದೊಂದು ಹನಿ ಬಿಡ್ತಿದ್ದೆ."

"ಕುಸುಬಿ ಎಣ್ಣೀನೇ ಯಾಕ ಬಿಟ್ಟಿ?"

"ಮನ್ಯಾಗ ಎಲ್ಲಕ್ಕಿಂತ ಛಲೋದು ಅದೇ ಇತ್ತಲ್ರಿ."

ಖಾಜಾಮಿಯಾ ತನ್ನ ಸೀಟಿನ ಕಡಿ ನೋಡ್ದ. ಆ ಸೀಟಿನ ಮ್ಯಾಲ ಅವ ಎಷ್ಟು ತಿರುವು ತಿರುಗಿದ್ನೋ, ಎಷ್ಟು ತಗ್ಗು ಹಾರಿಸಿದ್ನೋ ಲೆಕ್ಕ ಇಲ್ಲ. ಒಂದಿನಾನೂ ಅದು ಕಿರ್ ಅಂದಿರಲಿಲ್ಲ.

"ಅದು ನನ್ನ ಸೀಟಿಗಿ," ಅಂದ. "ಎಡಗಡಿದಕ್ಕ ಯಾಕ ಬಿಟ್ಟಿ? ಅಲ್ಲಿ ಸಾವ್ಕಾರ ಕುಂದರ್ತಿದ್ದ."

ಬಿಬಿಜಾನ್ ಕೈಯಾಗಿನ ಹಿಟ್ಟು ಉಜ್ಜಿಕೋತ ನಿಂತಳು.

"ಎಂದರ ಒಂದಿನ ನಾ ಕುಂದರಬಹುದು ಅಂತ."

ಭೀಮಶ್ಯಾಗ ಆಗಲೇ ಜೀಪಿನ ಬುಡಕ ಏನೋ ಭಾಳ ಅರ್ಜೆಂಟ್ ನೋಡೋದಿತ್ತು. ಮಲಗಿ ಒಳಗ ಜರದ, ಕರಿಯೋ ತನಕ ಹೊರಗ ಬರಲಿಲ್ಲ.

ನನ್ನ ಕೈಯೇ ನನ್ನ ಹಾದಿಗಿ ಅಡ್ಡ ಬಂತು ಅಂತ ಬಿಬಿಜಾನ್ ಅಂದಿದ್ದು ಖಾಜಾಮಿಯಾಗ ಒಬ್ಬನಿಗೇ ಕೇಳಿಸ್ತು. ಅವ ಅಕಿ ಕೈ ಹಿಡಿಲಿಲ್ಲ, ಓಣ್ಯಾಗ ಅಂಥಾದ್ದೆಲ್ಲ ಯಾರೂ ಮಾಡಂಗಿಲ್ಲ. ಚಾ ಮಾಡು, ಮೂವರಿಗಿ, ಬೆಲ್ಲ ಜಾಸ್ತಿ ಹಾಕು ಅಂದ. ನಮ್ಮ ಕಡಿ ಅದೂ ಅದೇ.

ಚಾ ಕುಡಿತ ಇಬ್ರೂ ಗಂಡಸರು ಮತ್ತ ಚಾಣ, ಸುತ್ತಿಗಿ, ಪೈಪು ಅಂತ ಮಾತು ತಗದ್ರು. ಬಿಬಿಜಾನ್ ಬಟ್ಟಲಾ ಒಯ್ಯಾಕ ಬಂದವಳು ನಿಂತು ಕೇಳಿ, ಹೆಂಚಿನ ಮ್ಯಾಲ ಎಣ್ಣಿ ಗಟ್ಟಿ ಆದ್ರ ನಾ ಸುತ್ತಿಗಿ ತಗೋತೀನೇನು ಅಂದ್ಳು. ಒಳಗ ಹೋಗಿ ಬಟ್ಟಿ ಒಗಿಯೋ ಸೋಡಾ ಹಾಕಿ ನೀರು ಕುದಿಲಿಕ್ಕಿಟ್ಟಳು. ಕುದಿಯೋ ನೀರು ಬೋಲ್ಟಿನ ಮ್ಯಾಲ ಬಿಡೋದು, ಒಂದು ಬೀಡಿ ಸೇದೋ ತನಕ ಕಾಯೋದು, ಮತ್ತ ಬಿಡೋದು. ನೊರಿ ಬಂತು, ಹಳದಿ ನೀರು ಇಳಿತು, ಇಡೀ ಓಣಿ ಯಾರದೋ ಮನ್ಯಾಗ ಭಜಿ ಕರದಂಗ ವಾಸನಿ ಹೊಡಿತು. ಇಳಿಹೊತ್ತಿಗಿ ಭೀಮಶ್ಯಾ ಪಾನಾ ಹಾಕಿ ಒಂದು ಸಲ ಒತ್ತಿದ. ಕೀಂವ್ ಅಂತು. ಓಣ್ಯಾಗ ನಿಂತಿದ್ದ ಮಂದಿ ಎಲ್ಲಾ ಒಮ್ಮೆಲೇ ಉಸಿರು ಬಿಟ್ರು. ಬೋಲ್ಟು ಕಡೀಕೂ ಬೋಲ್ತು.

ಸೀಟು ಎತ್ತಿದಾಗ ಬುಡಕ ಒಂದು ಬೊಗಸಿ ಹುಣಸಿಬೀಜ ಸಿಕ್ಕವು. ಗುಲ್ಶನ್ ಸಣ್ಣಾಕಿದ್ದಾಗ ಆಡಾಕಂತ ಬಚ್ಚಿಟ್ಟಿದ್ದು. ಬಿಬಿಜಾನ್ ಅವನ್ನ ತೊಳದು ಸೆರಗಿಗಿ ಗಂಟು ಹಾಕಿಕೊಂಡ್ಳು.

ಬಲಗಡಿ ಸೀಟಿಂದೂ ಬಿಚ್ಚಿ ತೊಳೀಲೇನು ಅಂತ ಭೀಮಶ್ಯಾ ಕೇಳ್ದ. ಬ್ಯಾಡ, ಅದು ಹಂಗೇ ಇರ್ಲಿ ಅಂದ ಖಾಜಾಮಿಯಾ.

ನೆಲಕ್ಕ ಹೊಸ ತೂತು ಬಿತ್ತು, ಸೀಟು ಒಂದು ಗೇಣು ಹಿಂದಕ್ಕ ಹೋತು. ಹತ್ತಿ ತುಂಬಿದ ಕೆಂಪು ರೆಕ್ಸಿನ್ ನೋಡಿ, ಇದು ಜೀಪೋ ಮದಿಮಗಳೋ ಅಂತ ಮಶಾಕ ತನ್ನ ಕೆಲಸ ತಾನೇ ಹೊಗಳಿಕೊಂಡ.

ಹೊಂಡೋ ಮುಂಜಾನಿ ಬಿಬಿಜಾನ್ ಹಸಿರು ಸೀರಿ ಉಟ್ಟು, ಅದರ ಸೆರಗಿಗಿ ಹುಣಸಿಬೀಜ ಗಂಟು ಹಾಕಿಕೊಂಡು ಬಂದ್ಳು. ಬಿಸ್ಮಿಲ್ಲಾ ಅಂದು ಅಡ್ಡಕ ಕುಂತು ಮೆಲ್ಲಕ ಒಳಗ ತಿರುಗಿದ್ಳು. ಕಾಲು ನೆಟ್ಟಗ ಚಾಚಿತು. ಗೇಣಿಗಿ ಗೇಣು, ಕೂದಲೆಳಿ ಹೆಚ್ಚಿಲ್ಲ ಕಮ್ಮಿ ಇಲ್ಲ. ಮುಖ ನೋಡಬೇಕಿತ್ತು ಅಕಿದು. ಖಾಜಾಮಿಯಾ ಗಾಡಿ ಚಾಲೂ ಮಾಡಿ, ಕ್ಲಚ್ ಒತ್ತಿ, ಫಸ್ಟ್ ಗೇರ್ ಹಾಕಾಕ ಹೋದ.

ಬೀಳಲಿಲ್ಲ.

ಈ ಜೀಪಿನ ಗೇರಿನ ಕೋಲು ಎರಡೂ ಸೀಟಿನ ನಡು ನೆಲದಿಂದ ಎದ್ದು ನಿಂತಿರ್ತದ. ಫಸ್ಟ್ ಗೇರ್ ಬೀಳಬೇಕಂದ್ರ ಕೋಲು ಎಡಕ್ಕ ಬಂದು ಹಿಂದಕ್ಕ ಬೀಳಬೇಕು. ರಿವರ್ಸೂ ಎಡಕ್ಕೇ. ಎಡಕ್ಕ ಈಗ ಬಿಬಿಜಾನ್‌ಳ ಮಣಕಾಲು ಇತ್ತು. ಕಾಲಿನ ಉದ್ದ ಅಳದಿದ್ರು. ಕೋಲಿನ ಹಾದಿ ಯಾರೂ ಅಳದಿರಲಿಲ್ಲ. ಕಾಲು ಹೊರಗಿನ ಕಡಿ ಸರಿಸಿದ್ರ ಪಾದ ಗಾಡಿ ಬಿಟ್ಟು ಹೊರಗ ಬರ್ತಿತ್ತು. ಮುಂದ ಹೋಗಾಕ ಇದ್ದಿದ್ದೇ ಮೂರು ಗೇರು, ಸೆಕೆಂಡ್ ಮತ್ತ ಟಾಪ್ ಎರಡೂ ಬಲಕ್ಕಿದ್ವು, ಅವು ಸಲೀಸ ಬೀಳ್ತಿದ್ವು. ಅಂದ್ರ ಬಿಬಿಜಾನ್ ಕುಂತಿದ್ರ ಗಾಡಿ ಓಡ್ತದ, ಹೊಂಡಂಗಿಲ್ಲ. ಅಕಿ ಇಳದ್ರ ಹೊಂಡ್ತದ. ಆದ್ರ ಹೊಂಟ ಗಾಡಿಗಿ ಹತ್ತಾಕ ಅಕಿಗಿ ಬರಂಗಿಲ್ಲ.

ಸೆಕೆಂಡಿನ್ಯಾಗೇ ಇಡು, ನಾವು ನೂಕ್ತೀವಿ ಅಂದ ಭೀಮಶ್ಯಾ. ಒಮ್ಮಿ ಓಡ್ತಂದ್ರ ಚಂದಾಪುರದ ತನಕ ನಿಲ್ಲಿಸಬ್ಯಾಡ. ಓಣಿ ಮಂದಿ ಎಲ್ಲಾ ಕೂಡಿ ನೂಕಿದ್ರು. ಜೀಪು ನಾಕು ಸಲ ಕೆಮ್ಮಿ ಓಡಿತು.

ಏನು ಠೀವಿ ಅಂತೀರಿ. ಅಂಗಡಿ ದಾಟಿತು, ಸ್ಟೇಷನ್ ದಾಟಿತು. ಬಿಬಿಜಾನ್ ಒಂದು ಕೈಲಿ ಸೆರಗು, ಇನ್ನೊಂದು ಕೈಲಿ ಸೀಟಿನ ಅಂಚು ಹಿಡಕೊಂಡು ಎರಡೂ ಕಡಿ ನೋಡಿಕೋತ ಕುಂತಿದ್ಳು. ಖಾಜಾಮಿಯಾ ಹಾದಿ ಕಮ್ಮಿ ನೋಡ್ದ, ಅಕಿನ್ನ ಹೆಚ್ಚಿಗಿ ನೋಡ್ದ. ಇಷ್ಟು ವರ್ಷದಾಗ ಅವನ ಎಡಕ್ಕ ಅಕಿ ಕುಂತಿದ್ದು ಅದೇ ಮೊದಲು.

ಮುಂದ ರೈಲ್ವೆ ಗೇಟು. ಬಂದಿತ್ತು, ಅಂದ್ರ ಬಂದಾಗಿತ್ತು.

ವಾಡಿ ಜಂಕ್ಷನ್ನಿನ್ಯಾಗ ಗೇಟು ತೆರದಿರ್ತದ ಅಂತ ನಂಬಿ ಯೋಜನಾ ಹಾಕಿದವ್ರಿಗಿ ಏನನ್ನಬೇಕು. ಜೀಪು ಏರಿನ್ಯಾಗೇ ನಿಂತಿತು. ಮಾಲಗಾಡಿ ಡಬ್ಬಿ ಡಬ್ಬಿ ಎಣಿಸಿಕೊಂಡು ಹೋದಂಗ ಮೆಲ್ಲಕ ಹೋತು. ಗೇಟು ತೆರಿತು. ಫಸ್ಟ್ ಗೇರ್ ಇಲ್ಲದ ಜೀಪು ಏರು ಹತ್ತಲಿಲ್ಲ. ಹಿಂದಿನ ಬಸ್ಸು ಹಾರ್ನ್ ಹೊಡಿತು. ಬಸ್ಸಿನ ಮಂದಿ ಇಳದು ನೂಕಿದ್ರು, ಜೀಪು ಸೆಕೆಂಡಿನ್ಯಾಗ ಗಕ್ ಅಂದು ಬಂದಾತು. ಮತ್ತ ನೂಕಿದ್ರು, ಮತ್ತ ಗಕ್. ಕಡೀಕ ಬಸ್ಸು ಬಾಜು ಸರಿಸಿ, ನ್ಯೂಟ್ರಲ್ ಮಾಡಿ ಎಲ್ಲರೂ ಕೂಡಿ ಇಳಿಜಾರಿಗಿ ಹಿಂದಕ್ಕ ಬಿಟ್ಟು, ಮನಿ ಕಡಿ ಮುಖ ತಿರುಗಿಸಿ, ಸೆಕೆಂಡಿನ್ಯಾಗ ನೂಕಿ ಚಾಲೂ ಮಾಡಿ ಕೊಟ್ರು.

ಬಿಬಿಜಾನ್ ಅಳ್ತಾಳ ಅಂತ ಖಾಜಾಮಿಯಾ ಅಂಜಿಕೋತ ತಿರುಗಿ ನೋಡ್ದ. ಅಕಿ ನಗಲಿಕತ್ತಿದ್ಳು. ಆವತ್ತು ಬಸ್ಸಿನಿಂದ ಈ ಕಾಲು ನನ್ನ ಇಳಿಸಿತ್ತು, ಇವತ್ತು ಬಸ್ಸಿಗಿ ಬಸ್ಸೇ ಇಳಿಸ್ತು ನೋಡ್ರಿ ಅಂದ್ಳು. ಆಮ್ಯಾಲ ಮನಿ ಮುಟ್ಟೋ ತನಕ ಸೆರಗಿನ ಗಂಟು ಹಿಡಕೊಂಡೇ ಕುಂತಳು.

ಆ ಗಂಟು ನೋಡಿ ಖಾಜಾಮಿಯಾಗ ಹೊಳೀತು. ಹಳದಿ ಇರೋದು ನಾಳಿ. ಅಲ್ಲೀ ತನಕ ಹುಡುಗಿ ಎಲ್ಲಿ ಬೇಕಾದಲ್ಲಿ ಹೋಗಬಹುದು. ಅಕಿ ಮಣಕಾಲು ಮಡಚತಾವ. ಗುಲ್ಶನ್‌ನ್ನ ಇಲ್ಲಿಗೇ ತಂದು ತೋರಿಸಿ, ದುವಾ ಕೊಡಿಸಿ, ತಿರುಗಿ ಮುಟ್ಟಿಸಿ ಬಂದ್ರಾತು. ಹಳದಿ ಹಚ್ಚಾಕ ಆಗದಿದ್ರೂ ಮುಖ ಆದ್ರೂ ನೋಡ್ತಾಳ. ಬಿಬಿಜಾನ್‌ನ್ನ ಮನಿ ಮುಂದ ಇಳಿಸಿದ, ಫಸ್ಟ್ ಗೇರ್ ಹಾಕಿದ, ಹೋದ.

ಇಳಿಹೊತ್ತಿಗಿ ಜೀಪು ಬಂತು. ಮುಂದಿನ ಕೆಂಪು ಸೀಟಿನ ಮ್ಯಾಲ ಇಮಾಮ್ಬೀ, ಹಿಂದ ಗುಲ್ಶನ್. ಹೊತ್ತು ಮುಳುಗೋದ್ರಾಗ ಹೊಂಡಬೇಕು ಅಂತ ಇಮಾಮ್ಬೀ ಇಳಿಯೋಕಿಂತ ಮೊದಲೇ ಹೇಳಿದ್ಳು. ಹಂದರ ಹಾಕ್ಯಾರ, ಅಡಗಿ ಭಾಂಡಿ ಬಂದಾವ, ನಾಳಿ ಮುಂಜಾನಿ ಹಳದಿ. ಗುಲ್ಶನ್ ಕೇಳಿಸಿಕೊಳ್ಳಲಿಲ್ಲ. ಒಳಗ ಓಡಿ ಬಂದು, ಬಿಬಿಜಾನ್‌ಳ ಚಾಚಿದ ಕಾಲಿನ ಬಾಜು ಕುಂತು, ಸಣ್ಣಾಕಿದ್ದಾಗ ಹಿಡಿತಿದ್ದಂಗ ಸೆರಗು ಹಿಡದ್ಳು. ಗಂಟು ಕೈಗಿ ಹತ್ತಿತು. ಬಿಚ್ಚಿ ಹುಣಸಿಬೀಜ ನೋಡಿದ್ಳು.

"ಛೋಟಿನಾನಿ," ಅಂದ್ಳು, ಬೀಜ ಒಂದೊಂದೇ ಎಣಿಸಲಿಕತ್ತಳು.

ಇಮಾಮ್ಬೀ ಚಾ ಕುಡದು ಬಟ್ಟಲಾ ಇಟ್ಟು ಎದ್ದು ನಿಂತಳು. ಹೊರಗ ಖಾಜಾಮಿಯಾ ಗಾಡಿ ಚಾಲೂ ಮಾಡಿದ್ದ. ಗುಲ್ಶನ್ ಏಳಲಿಲ್ಲ. ಅಕಿ ಎರಡೂ ಕೈ ಮುಂದ ಚಾಚಿದ್ವು. ಎರಡೂ ಅಂಗೈ ನಡು ಹಳದಿ ಬಟ್ಟು ಇತ್ತು, ಒಂದೊಂದು ಬೆರಳಿನಷ್ಟು. ಬಿಬಿಜಾನ್‌ಳ ಬಾಜು ಸಣ್ಣ ಬಟ್ಟಲಾ, ಬಟ್ಟಲದಾಗ ಕುಸುಬಿ ಎಣ್ಣ್ಯಾಗ ಕಲಿಸಿದ ಹಳದಿ. ಅದು ಮುಂಜಾನೇ ಕಲಿಸಿಟ್ಟಂಗ ಕಾಣ್ತಿತ್ತು.

ಇಮಾಮ್ಬೀ ಕುಂತು ಬಿಟ್ಳು.

"ಬೀಬಿ, ಏನ ಮಾಡಿಟ್ಟಿ?"

"ಒಂದು ಬೆರಳಷ್ಟೇ ಆಪಾ. ಮಾತು ಕೊಟ್ಟಿದ್ದೆ."

"ಬೆರಳೋ ಬೊಗಸ್ಯೋ, ಹಳದಿ ಹಳದೀನೇ. ಇನ್ನ ನಿಕಾ ಆಗೋ ತನಕ ಈ ಹೊಸ್ತಿಲು ಹೆಂಗ ದಾಟ್ತಾಳ ಇಕಿ?"

ಬಾಗಲದಾಗ ನಿಂತಿದ್ದ ಭೀಮಶ್ಯಾ ಗಂಟಲು ಸರಿ ಮಾಡಿಕೊಂಡು, ಸೋಡಾ ನೀರು ಕಾಸಾಕ ಇಡ್ಲೇನು ಭಾಬಿ ಅಂತ ಕೇಳ್ದ. ಇಮಾಮ್ಬೀ ತಿರುಗಿ ನೋಡಿದ್ಳು. ಅವನಿಗಿ ಜೀಪಿನ ಬುಡಕ ಮತ್ತ ಏನೋ ಅರ್ಜೆಂಟ್ ನೋಡೋದು ಬಂತು.

ಬಿಬಿಜಾನ್ ತಲಿ ಬಗ್ಗಿಸಿ ಕುಂತಿದ್ಳು. ಅಕಿ ಏನ ಹಚ್ಚಿದ್ರೂ ಅದು ಬಿಡಂಗಿಲ್ಲ ಅನ್ನೋದು ಅಷ್ಟು ಮಂದ್ಯಾಗ ಖಾಜಾಮಿಯಾಗ ಎಲ್ಲರಿಗಿಂತ ಛಲೋ ಗೊತ್ತಿತ್ತು. ಅವ ಗಾಡಿ ಬಂದ್ ಮಾಡ್ದ, ಪಾನಾ ತಗೊಂಡ, ಎಡಗಡಿ ಸೀಟು ಬಿಚ್ಚಲಿಕತ್ತ. ಚಂದಾಪುರದಿಂದ ಮದಿವಿ ಭಾಂಡಿ ಎಲ್ಲಾ ಇನ್ನ ವಾಡಿಗಿ ತರಬೇಕಂದ್ರ ಜಾಗ ಬೇಕಲ್ಲ. ನಾಕೂ ಬೋಲ್ಟು ಒಂದೇ ತಿರುವಿಗಿ ಬಂದ್ವು.